ಕೆಜಿಎಫ್ ಗಣೀಲಿ ಸತ್ತೋರ ಹೆಸರು ಎಲ್ಲಿ ಬರೆದಿದೆ?

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಕೆಜಿಎಫ್‌ನ, ಅಂದ್ರೆ ಕೋಲಾರ ಚಿನ್ನದ ಗಣಿಯ, ಸೈನೈಡ್ ದಿಬ್ಬಗಳಲ್ಲಿ (ಚಿನ್ನ ತೆಗೆದ್ಮೇಲೆ ಹೊರಗೆ ಸುರಿದ ಮಣ್ಣಿನ ಗುಡ್ಡೆಗಳು) ಉಳಿದಿರೋ ಚಿನ್ನ ತೆಗೆಯೋ ಸುದ್ದಿ ನಿಮ್ಮ ಪೇಪರಲ್ಲಿ ಯಾವಾಗ ಬಂದ್ರೂ ನಾನು ಒಂದಕ್ಷರ ಬಿಡದೆ ಓದ್ತೀನಿ. 13 ದಿಬ್ಬ, ಸಾವಿರ ಎಕರೆ ಜಾಗ, ಒಂದು ಟನ್ ಮಣ್ಣಿಗೆ ಎಷ್ಟು ಚಿನ್ನ ಸಿಗತ್ತೆ, ಯಾರಿಗೆ ಎಷ್ಟು ಪಾಲು, ಎಲ್ಲಾ ಲೆಕ್ಕನೂ ಇರತ್ತೆ. ಆ ಕಲ್ಲನ್ನ ಪಾತಾಳದಿಂದ ಮೇಲಕ್ಕೆ ತಂದೋರು ಯಾರು, ತರಕ್ಕೆ ಅಂತ ಹೋಗಿ ತಾವೇ ಮೇಲಕ್ಕೆ ಬರದೇ ಇದ್ದೋರು ಯಾರು ಅನ್ನೋ ಲೆಕ್ಕ ಮಾತ್ರ ಎಲ್ಲೂ ಕಾಣಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಪೂರ್ತಿ ಹಾಕಿ, ಯಾಕಂದ್ರೆ ಇದರಲ್ಲಿ ಸ್ಕಾಟ್ಲೆಂಡಿನ ಒಬ್ಬ ಮನುಷ್ಯನ ಕಥೆ ಬರತ್ತೆ, ಅದನ್ನ ಅರ್ಧಕ್ಕೆ ಕತ್ತರಿಸಿದ್ರೆ ನಾನು ಕೇಳ್ತಿರೋದು ಏನು ಅಂತಾನೇ ಗೊತ್ತಾಗಲ್ಲ.

ನಮ್ಮೂರು ಬಂಗಾರಪೇಟೆ ಹತ್ರ. ನಮ್ಮ ತಾತ, ತಾತನ ಅಣ್ಣ ಇಬ್ಬರೂ ಗಣೀಲಿ ಅಂಡರ್‌ಗ್ರೌಂಡ್ ಕೆಲಸ ಮಾಡಿದೋರು. ನಮ್ಮ ಮನೆ ದೇವರ ಗೂಡಲ್ಲಿ ಕುಂಕುಮದ ಬಟ್ಟಲ ಪಕ್ಕ ಒಂದು ಹಿತ್ತಾಳೆ ಬಿಲ್ಲೆ ಇದೆ. ಹಳೇ ಕಾಲದ ದೊಡ್ಡ ರೂಪಾಯಿಗಿಂತ ಒಂಚೂರು ಅಗಲ, ಮೇಲ್ಗಡೆ ಮೊಳೆಗೆ ನೇತಾಕಕ್ಕೆ ಒಂದು ತೂತು, ನಡುವೆ ನಾಕು ಅಂಕಿ ಹೊಡೆದಿದಾರೆ, ಕೊನೇ ಅಂಕಿ ಸವೆದು ಮೂರೋ ಎಂಟೋ ಗೊತ್ತಾಗಲ್ಲ. ಹೆಸರಿಲ್ಲ. ಕೆಳಗೆ ಇಳಿಯೋ ಮುಂಚೆ ಟೋಕನ್ ಕೊಟ್ಟು ಇಳೀಬೇಕು, ಶಿಫ್ಟ್ ಮುಗಿಸಿ ಮೇಲೆ ಬಂದ್ಮೇಲೆ ವಾಪಸ್ ಇಸ್ಕೋಬೇಕು, ಬೋರ್ಡಲ್ಲಿ ಟೋಕನ್ ಉಳೀತು ಅಂದ್ರೆ ಆ ಮನುಷ್ಯ ಇನ್ನೂ ಕೆಳಗೇ ಇದಾನೆ ಅಂತ ಅರ್ಥ, ಹಿಂಗೆ ತಾತ ಹೇಳೋರು. ನಮ್ಮ ದೊಡ್ಡ ತಾತನ ಟೋಕನ್ ಬೋರ್ಡಲ್ಲೇ ಉಳೀತು. ಏರ್ ಬ್ಲಾಸ್ಟ್. ಹಂಗಂದ್ರೆ ಗಾಳಿ ಅಲ್ಲ, ಅಷ್ಟು ಆಳದಲ್ಲಿ ಮೇಲಿನ ಬಂಡೆ ಭಾರಕ್ಕೆ ಪಕ್ಕದ ಕಲ್ಲು ಇದ್ದಕ್ಕಿದ್ದಂಗೆ ಬಾಂಬ್ ಥರ ಸಿಡಿಯತ್ತಲ್ಲ ಅದು, ಕೆಜಿಎಫ್ ಕಡೆಯೋರು ಅದಕ್ಕೆ ಹಂಗೇ ಅನ್ನೋದು. ಮೇಲ್ಗಡೆ ಕಾರ್ಮಿಕರ ಲೈನ್ ಮನೆಗಳಲ್ಲಿ ಗೂಡಲ್ಲಿಟ್ಟ ಪಾತ್ರೆ ಅಲ್ಲಾಡಿದ್ರೆ ಸಾಕು, ಹೆಂಗಸರೆಲ್ಲ ಒಲೆ ಮೇಲಿಟ್ಟಿದ್ದು ಇಟ್ಟಂಗೆ ಬಿಟ್ಟು ಶಾಫ್ಟ್ ಕಡೆ, ಅಂದ್ರೆ ಗಣಿಗೆ ಇಳಿಯೋ ಬಾವಿ ಕಡೆ, ಓಡೋರು ಅಂತ ಅಜ್ಜಿ ಹೇಳ್ತಿದ್ರು. ಓಡೋವಾಗ ಯಾರೂ ಮಾತಾಡ್ತಿರಲಿಲ್ಲವಂತೆ. ಆವತ್ತು ತಾತ ಅಣ್ಣನ ಟೋಕನ್ ಇಸ್ಕೊಂಡು ಬಂದು ಗೂಡಲ್ಲಿಟ್ರು, ಅದು ಇನ್ನೂ ಅಲ್ಲೇ ಇದೆ, ನಮ್ಮಮ್ಮ ಶುಕ್ರವಾರ ಶುಕ್ರವಾರ ಹುಣಸೇಹಣ್ಣು ಹಾಕಿ ಅದನ್ನೂ ತೊಳೀತಾರೆ.

ಈಗ ಸ್ಕಾಟ್ಲೆಂಡಿನೋನ ವಿಚಾರಕ್ಕೆ ಬರ್ತೀನಿ. ನಾನು ದಿನಾ ಸ್ವರ್ಣ ಟ್ರೈನಲ್ಲಿ ಬೆಂಗಳೂರಿಗೆ ಹೋಗಿ ಬರೋನು, ಸೀಟ್ ಸಿಕ್ಕಿದ್ರೆ ಏನಾದ್ರೂ ಓದ್ತಾ ಕೂತ್ಕೋತೀನಿ. ಬೇರೆ ದೇಶದ ಗಣಿ ಕೆಲಸಗಾರರ ಬಗ್ಗೆ ಹುಡುಕ್ತಾ ಹುಡುಕ್ತಾ ಕೀರ್ ಹಾರ್ಡಿ ಅನ್ನೋ ಹೆಸರು ಸಿಕ್ತು, ಜೇಮ್ಸ್ ಕೀರ್ ಹಾರ್ಡಿ. ಹುಟ್ಟಿದ್ದು 1856ರ ಆಗಸ್ಟ್ 15. ತಾರೀಖು ನೋಡಿ ಒಂದು ಕ್ಷಣ ಸುಮ್ಮನಾದೆ, ಆಮೇಲೆ ಓದಕ್ಕೆ ಕೂತೋನು ವೈಟ್‌ಫೀಲ್ಡ್ ದಾಟಿದ್ದೂ ಗೊತ್ತಾಗಲಿಲ್ಲ.

ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಷೈರ್‌ನಲ್ಲಿ ಒಂದು ಚಿಕ್ಕ ಮನೇಲಿ ಹುಟ್ಟಿದೋನು. ತಾಯಿ ಮೇರಿ ಕೀರ್, ಮನೆಗೆಲಸ ಮಾಡ್ಕೊಂಡಿದ್ದೋಳು, ಆಗಿನ್ನೂ ಮದುವೆ ಆಗಿರಲಿಲ್ಲ, ಆಮೇಲೆ ಡೇವಿಡ್ ಹಾರ್ಡಿ ಅನ್ನೋ ಬಡಗಿಯನ್ನ ಮದುವೆ ಆದ್ಲು. ಹುಡುಗ ಸ್ಕೂಲ್ ಕಂಡಿದ್ದೇ ಇಲ್ಲ ಅನ್ನಬೇಕು, ಏಳೆಂಟು ವರ್ಷಕ್ಕೇ ದುಡಿಯಕ್ಕೆ ಹೋದ. ಓದಕ್ಕೆ ಕಲಿಸಿದ್ದು ತಾಯಿ.

ಅವನ ಬಾಲ್ಯದ ಒಂದು ದಿನ ನನ್ನ ಮನಸ್ಸಿಂದ ಹೋಗ್ತಾನೇ ಇಲ್ಲ. 1866ರ ಕೊನೇ ವಾರ. ಅಪ್ಪನಿಗೆ ಕೆಲಸ ಇಲ್ಲ, ತಮ್ಮನಿಗೆ ಜೋರು ಜ್ವರ, ಅಮ್ಮ ದಿನ ತುಂಬಿದ ಬಸುರಿ, ಮನೇಲಿ ದುಡಿಯೋನು ಇವನೊಬ್ಬನೇ, ಒಂದು ಬೇಕರೀಲಿ ದಿನಕ್ಕೆ ಹನ್ನೆರಡೂವರೆ ಗಂಟೆ ದುಡಿದು ವಾರಕ್ಕೆ ಮೂರೂವರೆ ಶಿಲ್ಲಿಂಗ್ ತರ್ತಿದ್ದ, ವಯಸ್ಸು ಹತ್ತು. ರಾತ್ರಿಯೆಲ್ಲ ತಮ್ಮನ್ನ ನೋಡ್ಕೊಂಡು ಎದ್ದಿದ್ದಕ್ಕೆ ಬೆಳಗ್ಗೆ ಸ್ವಲ್ಪ ಲೇಟಾಯ್ತು. ಮಳೇಲಿ ನೆಂದ್ಕೊಂಡು ಓಡಿ ಹೋದ್ರೆ ಅಂಗಡೀಲಿದ್ದ ಹುಡುಗಿ, ಮೇಲೆ ಯಜಮಾನರು ಕರೀತಿದಾರೆ ಹೋಗು ಅಂದ್ಲು. ಯಜಮಾನರು ಪ್ರಾರ್ಥನೆ ಮಾಡ್ತಿದ್ರು, ಊರಲ್ಲೆಲ್ಲ ದೈವಭಕ್ತ ಅಂತ ಹೆಸರು, ಮುಗಿಯೋವರೆಗೂ ಹುಡುಗ ಬಾಗಿಲಾಚೆ ಒದ್ದೆ ಬಟ್ಟೇಲಿ ನಿಂತಿದ್ದ. ಒಳಗೆ ಕರೆದಾಗ ನೋಡ್ತಾನೆ, ದೊಡ್ಡ ಮೇಜು, ಸುತ್ತ ಮನೆ ಮಂದಿ, ಯಜಮಾನರ ಮುಂದೆ ಗಾಜಿನ ಪಾತ್ರೇಲಿ ಕಾಫಿ ಕುದೀತಾ ಇದೆ. ಅಂಥದ್ದನ್ನ ಅವನು ಹುಟ್ಟಿದಾಗಿಂದ ನೋಡಿರಲಿಲ್ಲ. ಲೇಟಾಗಿ ಬಂದಿದೀಯ, ನಿನ್ನ ಕೆಲಸ ಹೋಯ್ತು, ಇನ್ಮೇಲಾದ್ರೂ ಹುಷಾರಾಗಿರಲಿ ಅಂತ ಒಂದು ವಾರದ ಸಂಬಳನೂ ಹಿಡ್ಕೊತೀನಿ ಅಂದ್ರಂತೆ ಯಜಮಾನರು. ಹುಡುಗ ಮನೆಗೆ ಹೋಗಕ್ಕೆ ಧೈರ್ಯ ಸಾಲದೆ ಕತ್ತಲಾಗೋವರೆಗೂ ಮಳೇಲೇ ಬೀದಿ ಬೀದಿ ಸುತ್ತಿದ. ಅದೇ ರಾತ್ರಿ ಅಮ್ಮನಿಗೆ ಹೆರಿಗೆ ಆಯ್ತು. 1867ರ ಜನವರಿ 1ನೇ ತಾರೀಖು ಸೂರ್ಯ ಹುಟ್ಟೋವಾಗ ಆ ಮನೇಲಿ ಒಲೇಲಿ ಬೆಂಕಿನೂ ಇರಲಿಲ್ಲ, ತಿನ್ನಕ್ಕೆ ಅನ್ನನೂ ಇರಲಿಲ್ಲ ಅಂತ ದೊಡ್ಡವನಾದ್ಮೇಲೆ ಅವನೇ ಬರ್ಕೊಂಡಿದಾನೆ.

ಅದಾದ್ಮೇಲೆ ಕಲ್ಲಿದ್ದಲು ಗಣಿ. ಕೆಲಸ ಏನಪ್ಪಾ ಅಂದ್ರೆ ಕತ್ತಲಲ್ಲಿ ಒಂದು ಬಾಗಿಲ ಹತ್ರ ಕೂತ್ಕೊಂಡು ಅದನ್ನ ತೆಗೆಯೋದು, ಮುಚ್ಚೋದು. ಇಷ್ಟೇನಾ ಅನ್ಸತ್ತೆ, ಆದ್ರೆ ಗಣೀಲಿ ಗಾಳಿ ಬಾಗಿಲು ಅಂದ್ರೆ ಜೀವ. ಒಂದು ಶಾಫ್ಟಿಂದ ಒಳ್ಳೇ ಗಾಳಿ ಕೆಳಗಿಳಿದು, ಜನ ಕೆಲಸ ಮಾಡೋ ಕಡೆಯೆಲ್ಲ ಸುತ್ತಾಡಿ, ಇನ್ನೊಂದು ಶಾಫ್ಟಲ್ಲಿ ಮೇಲಕ್ಕೆ ಹೋಗಬೇಕು. ನಡುವೆ ಒಂದು ಬಾಗಿಲು ತೆರೆದೇ ಇದ್ರೂ ಗಾಳಿ ಅಡ್ಡದಾರಿ ಹಿಡಿದು ಹೋಗಿಬಿಡತ್ತೆ, ಒಳಗಿರೋರಿಗೆ ಉಸಿರು ಕಟ್ಟತ್ತೆ, ಕಲ್ಲಿದ್ದಲು ಗಣಿಯಾದ್ರೆ ಮೀಥೇನ್ ಗ್ಯಾಸ್ ತುಂಬ್ಕೊಂಡು ಒಂದು ಕಿಡಿಗೆ ಎಲ್ಲಾ ಹೊತ್ಕೊಳತ್ತೆ. ಹಂಗಾಗಿ ಕಲ್ಲಿದ್ದಲು ಗಾಡಿ ಬಂದಾಗ ತೆಗೀಬೇಕು, ಹೋದ ತಕ್ಷಣ ಮುಚ್ಚಬೇಕು. ಹತ್ತು ಗಂಟೆ ಕತ್ತಲಲ್ಲಿ ಒಬ್ಬನೇ, ಹತ್ತು ವರ್ಷದ ಮಗು. ಚಳಿಗಾಲದಲ್ಲಿ ಬೆಳಕಾಗೋ ಮುಂಚೆ ಇಳಿದು ಕತ್ತಲಾದ್ಮೇಲೆ ಹತ್ತೋದು, ಸೂರ್ಯನ್ನ ನೋಡೋದು ಭಾನುವಾರ ಮಾತ್ರ. ಇದನ್ನ ಓದಿ ನಾನು ಮನೆಗೆ ಬಂದು ಅಪ್ಪನಿಗೆ ಹೇಳಿದ್ರೆ, ಅಪ್ಪ ಒಂದೇ ಮಾತು ಅಂದ್ರು, "ನಿಮ್ಮ ತಾತಾನೂ ಭಾನುವಾರ ಹೊರಗಡೆ ಹಗ್ಗದ ಮಂಚ ಹಾಕ್ಕೊಂಡು ಬಿಸಿಲಿಗೇ ಮಲಗ್ತಿದ್ರು ಕಣೋ, ನೆರಳಿಗೆ ಬಾ ಅಂದ್ರೂ ಬರ್ತಿರಲಿಲ್ಲ."

ಆ ಹುಡುಗ ಅಲ್ಲೇ ಕೂತು ಕಲಿತ. ರಾತ್ರಿ ಶಾಲೆಗೆ ಹೋಗಿ ಬರೆಯೋದು ಕಲಿತ, ಆಮೇಲೆ ಗಣಿ ಒಳಗೇ ಕಲ್ಲಿನ ಮೇಲೆ ದೀಪದ ಹೊಗೆ ಹಿಡಿದು ಕಪ್ಪು ಮಾಡಿ ಅದರ ಮೇಲೆ ಒಂದು ಪಿನ್ನಿಂದ ಗೀಚಿ ಗೀಚಿ ಶಾರ್ಟ್‌ಹ್ಯಾಂಡ್ ಕಲಿತನಂತೆ. ಓದಿ ತಿಳ್ಕೊಂಡೋನು ಸುಮ್ಮನಿರಕ್ಕಾಗತ್ತಾ, ಜೊತೆಗಿದ್ದೋರ ಪರವಾಗಿ ಮಾತಾಡಕ್ಕೆ ಶುರು ಮಾಡಿದ. ಒಂದಿನ ಬೆಳಗ್ಗೆ ಕೇಜ್ (ಜನರನ್ನ ಗಣಿಗೆ ಇಳಿಸೋ ಲಿಫ್ಟ್) ಹತ್ತಿ ಕೆಳಗೆ ಇಳೀತಾ ಇದ್ರೆ ಕೇಜ್ ಅರ್ಧದಲ್ಲೇ ನಿಂತು ವಾಪಸ್ ಮೇಲಕ್ಕೆ ಬಂತು. ಮೇಲೆ ಮ್ಯಾನೇಜರ್ ನಿಂತಿದ್ದ. ಇವನಿಗೂ ಇವನ ತಮ್ಮಂದಿರಿಗೂ ಇಲ್ಲಿ ಕೆಲಸ ಇಲ್ಲ. ಸುತ್ತಮುತ್ತ ಬೇರೆ ಗಣಿಗಳವರೂ ಸೇರಿಸ್ಕೊಳ್ಳಲಿಲ್ಲ. ಕೇಜ್ ಅಂದ್ರೆ ಏನು ಅಂತ ಗೊತ್ತಿರೋ ಕೆಜಿಎಫ್ ಮನೆಗಳವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ, ಕೆಳಗೆ ಹೋಗ್ತಿರೋ ಕೇಜ್ ಕಾರಣ ಇಲ್ಲದೆ ನಿಂತ್ರೆ ಎದೆ ಹೆಂಗೆ ಹೊಡ್ಕೊಳತ್ತೆ ಅಂತ ಅವರಿಗೆ ಗೊತ್ತು.

ಆಮೇಲೆ ಕಮ್ನಾಕ್ ಅನ್ನೋ ಊರಿಗೆ ಹೋಗಿ ಲೋಕಲ್ ಪತ್ರಿಕೇಲಿ ವರದಿಗಾರ ಆದ, 1886ರಲ್ಲಿ ಏರ್‌ಷೈರ್ ಗಣಿ ಕಾರ್ಮಿಕರ ಸಂಘಕ್ಕೆ ಕಾರ್ಯದರ್ಶಿ ಆದ, ಮಾರನೇ ವರ್ಷ ಗಣಿ ಕೆಲಸಗಾರರಿಗೆ ಅಂತಾನೇ ತಾನೇ ಒಂದು ಪತ್ರಿಕೆ ತಂದ. 1888ರಲ್ಲಿ ಮಿಡ್ ಲ್ಯಾನಾರ್ಕ್ ಉಪಚುನಾವಣೇಲಿ ಯಾವ ದೊಡ್ಡ ಪಾರ್ಟಿ ಹಂಗೂ ಇಲ್ಲದೆ ನಿಂತ. ಬಿದ್ದಿದ್ದು 617 ವೋಟು, ಮೂರು ಜನದಲ್ಲಿ ಕೊನೆಯೋನು. ನಮ್ಮ ಕಡೆ ಗ್ರಾಮ ಪಂಚಾಯ್ತಿ ಎಲೆಕ್ಷನ್ನಲ್ಲಿ ಬೀಳೋ ವೋಟು ಅದು. ಬೇರೆ ಯಾರಾದ್ರೂ ಆಗಿದ್ರೆ ಅಲ್ಲಿಗೆ ಬಿಟ್ಟಿರೋರು. ಇವನು ಅದೇ ವರ್ಷ ಸ್ನೇಹಿತರ ಜೊತೆ ಸೇರಿ ಸ್ಕಾಟಿಷ್ ಲೇಬರ್ ಪಾರ್ಟಿ ಕಟ್ಟಿದ. ನಾಕು ವರ್ಷ ಆದ್ಮೇಲೆ 1892ರಲ್ಲಿ ಲಂಡನ್ನಿನ ವೆಸ್ಟ್ ಹ್ಯಾಮ್ ಸೌತಿಂದ ಗೆದ್ದು ಪಾರ್ಲಿಮೆಂಟಿಗೆ ಹೋದ. ಆಗ ಅಲ್ಲಿ ಎಲ್ಲರೂ ಉದ್ದ ಕಪ್ಪು ಕೋಟು, ಎತ್ತರದ ರೇಷ್ಮೆ ಟೋಪಿ ಹಾಕೋ ಕಾಲ, ಇವನು ಸಾದಾ ಉಣ್ಣೆ ಸೂಟು, ತಲೆಗೊಂದು ಬಟ್ಟೆ ಕ್ಯಾಪು. ಪೇಪರ್‌ನೋರು ಆ ಕ್ಯಾಪನ್ನೇ ದೊಡ್ಡ ಸುದ್ದಿ ಮಾಡಿದ್ರು. ಎಂಪಿಗಳಿಗೆ ಸಂಬಳ ಅನ್ನೋದು ಬಂದಿದ್ದೇ 1911ರಲ್ಲಿ, ಅಲ್ಲಿವರೆಗೂ ದುಡ್ಡಿದ್ದೋರಿಗೆ ಮಾತ್ರ ಆ ಕುರ್ಚಿ, ಇವನು ಬರವಣಿಗೆ ಮಾಡ್ಕೊಂಡು, ಭಾಷಣಕ್ಕೆ ಹೋದ ಕಡೆ ಕಾರ್ಮಿಕರ ಮನೇಲೇ ಉಳ್ಕೊಂಡು ಜೀವನ ಮಾಡಿದ. 1893ರಲ್ಲಿ ಬ್ರಾಡ್‌ಫರ್ಡ್‌ನಲ್ಲಿ ಇಂಡಿಪೆಂಡೆಂಟ್ ಲೇಬರ್ ಪಾರ್ಟಿ ಶುರುವಾಯ್ತು, ಅದಕ್ಕೂ ಇವನೇ ಮುಂದಾಳು.

ಸಂಪಾದಕರೇ, ನಾನು ಈ ಪತ್ರ ಬರೀತಿರೋದು ಮುಂದೆ ಹೇಳೋ ಘಟನೆಗೋಸ್ಕರ.

1894ರ ಜೂನ್ 23, ಶನಿವಾರ. ವೇಲ್ಸ್‌ನ ಕಿಲ್ವಿನಿತ್ ಅನ್ನೋ ಹಳ್ಳೀಲಿ ಆಲ್ಬಿಯನ್ ಕಲ್ಲಿದ್ದಲು ಗಣಿ ಸಿಡೀತು. ಗ್ಯಾಸ್ ಹೊತ್ಕೊಳ್ತು, ಅದರ ಹಿಂದೇನೇ ಕಲ್ಲಿದ್ದಲು ಧೂಳೂ ಹೊತ್ಕೊಳ್ತು. 290 ಜನ ಗಂಡಸರು, ಹುಡುಗರು ಸತ್ರು. ಅದೇ ದಿನ ಲಂಡನ್ ಹತ್ರ ವಿಕ್ಟೋರಿಯಾ ರಾಣಿಗೆ ಮರಿಮಗ ಹುಟ್ಟಿದ. ಮಾರನೇ ದಿನ ಫ್ರಾನ್ಸ್ ಅಧ್ಯಕ್ಷ ಕಾರ್ನೋ ಅವರಿಗೆ ಒಬ್ಬ ಚೂರಿ ಹಾಕಿದ, ಅವರೂ ತೀರ್ಕೊಂಡ್ರು. ಸೋಮವಾರ ಪಾರ್ಲಿಮೆಂಟ್ ಸೇರಿದಾಗ ಫ್ರಾನ್ಸ್‌ಗೆ ಸಂತಾಪ ಸೂಚಿಸೋ ಮಾತು ಬಂತು, ರಾಜಮನೆತನಕ್ಕೆ ಮಗು ಹುಟ್ಟಿದ್ದಕ್ಕೆ ಅಭಿನಂದನೆ ಸಲ್ಲಿಸೋ ಮಾತೂ ಬಂತು. ಹಾರ್ಡಿ ಎದ್ದು ಕೇಳಿದ್ದು ಇಷ್ಟೇ, ಆ ವೇಲ್ಸ್ ಗಣೀಲಿ ಸತ್ತೋರ ಮನೆಯವರಿಗೂ ಸದನದಿಂದ ಒಂದು ಸಂತಾಪ ಸೂಚಿಸಿ ಅಂತ. ಸರ್ಕಾರದ ಕಡೆಯಿಂದ ನಿರ್ಣಯ ಬರಲಿಲ್ಲ. ನಮಗೆಲ್ಲ ಮರುಕ ಇದೆ ಅನ್ನೋ ಒಂದು ಬಾಯಿಮಾತಲ್ಲಿ ಮುಗಿಸಿಬಿಟ್ರು.

28ನೇ ತಾರೀಖು ಅಭಿನಂದನೆ ನಿರ್ಣಯ ಬಂದಾಗ ಇವನೊಬ್ಬನೇ ಎದ್ದು ವಿರೋಧ ಮಾಡಿದ. ಇಡೀ ಸದನ ಇವನ ಮೇಲೆ ಕಿರುಚಾಡ್ತು ಅಂತ ನೋಡಿದೋರು ಬರೆದಿದಾರೆ. ಆ ಮಗುವಿನ ಮೇಲೆ ಅವನಿಗೇನೂ ದ್ವೇಷ ಇರಲಿಲ್ಲ, ಅವನು ಕೇಳಿದ್ದು ತೂಕದ ವಿಚಾರ, ಒಂದು ಜನನ ಸದನದ ಪುಸ್ತಕದಲ್ಲಿ ಬರೀತೀರ, ಅದೇ ದಿನದ 290 ಸಾವು ಬರೆಯಲ್ಲ. ಈ ಹುಡುಗನ್ನ ಚಿಕ್ಕಂದಿನಿಂದ ಹೊಗಳುಭಟ್ಟರು ಸುತ್ಕೋತಾರೆ, ದೊಡ್ಡವನಾದ್ಮೇಲೆ ಪ್ರಪಂಚ ಸುತ್ತಕ್ಕೆ ಕಳಿಸ್ತಾರೆ, ಆಮೇಲೆ ಅಂತಸ್ತಿಗೆ ಹೊಂದದ ಮದುವೆ ಸುದ್ದಿ ಹುಟ್ಕೊಳತ್ತೆ, ಕೊನೆಗೆ ಬಿಲ್ಲು ಕಟ್ಟೋದು ದೇಶದ ಜನ ಅಂತಾನೂ ಅಂದ. ಆ ಮಗೂನೇ ಮುಂದೆ ಎಂಟನೇ ಎಡ್ವರ್ಡ್, 1936ರಲ್ಲಿ ಡೈವೋರ್ಸ್ ಆಗಿದ್ದ ಅಮೆರಿಕದ ಹೆಂಗಸನ್ನ ಮದುವೆ ಆಗಕ್ಕೆ ಅಂತ ಸಿಂಹಾಸನ ಬಿಟ್ಟ. 42 ವರ್ಷ ಮುಂಚೆ ಹೇಳಿದ್ದು ಹಂಗೇ ಆಯ್ತಲ್ಲ ಅಂತ ಎಲ್ಲರೂ ಆ ಭವಿಷ್ಯದ ಮಾತನ್ನೇ ಎತ್ತಿ ಹೇಳ್ತಾರೆ, ನನಗೆ ಅದು ಮುಖ್ಯ ಅನ್ಸಲ್ಲ. ತನ್ನ ಪರ ಒಬ್ಬನೂ ಇಲ್ಲ ಅಂತ ಗೊತ್ತಿದ್ದೂ ಎದ್ದು ನಿಂತನಲ್ಲ, ಯಾವುದೋ ವೇಲ್ಸ್ ಹಳ್ಳಿಯವರಿಗೆ, ತನಗೆ ವೋಟೂ ಹಾಕದೇ ಇದ್ದೋರಿಗೆ, ಅದು ಮುಖ್ಯ. ಹತ್ತು ವರ್ಷಕ್ಕೆ ಗಾಳಿ ಬಾಗಿಲು ಕಾದೋನಿಗೆ ಆ 290ರಲ್ಲಿ ಬಾಗಿಲ ಹುಡುಗರೂ ಇರ್ತಾರೆ ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮಾರನೇ ವರ್ಷದ ಚುನಾವಣೇಲಿ ಸೋತ. ಐದು ವರ್ಷ ಹೊರಗಿದ್ದ. 1900ರಲ್ಲಿ ಅವನನ್ನ ಮತ್ತೆ ಪಾರ್ಲಿಮೆಂಟಿಗೆ ಕಳಿಸಿದ್ದು ವೇಲ್ಸ್, ಮೆರ್ಥಿರ್ ಟಿಡ್‌ಫಿಲ್ ಕ್ಷೇತ್ರ, ಆ ಸಿಡಿದ ಗಣಿ ಇದ್ದ ಟಾಫ್ ನದಿ ಕಣಿವೇಲೇ ಇನ್ನೂ ಮೇಲಕ್ಕೆ ಇರೋ ಊರು, ಗಣಿಯೋರ ಊರು. ಆಮೇಲೆ ಸಾಯೋವರೆಗೂ ಅವರೇ ಗೆಲ್ಲಿಸಿದ್ರು. ಅದೇ 1900ರಲ್ಲಿ ಕಾರ್ಮಿಕ ಸಂಘಗಳೆಲ್ಲ ಒಂದು ಕಡೆ ಸೇರಿ ಒಂದು ಸಮಿತಿ ಆಯ್ತು, 1906ರಲ್ಲಿ ಅದರಿಂದ 29 ಜನ ಗೆದ್ದು ಲೇಬರ್ ಪಾರ್ಟಿ ಅಂತ ಹೆಸರಿಟ್ಕೊಂಡ್ರು, ಪಾರ್ಲಿಮೆಂಟಲ್ಲಿ ಅವರಿಗೆ ಮೊದಲ ಅಧ್ಯಕ್ಷ ಕೀರ್ ಹಾರ್ಡಿ. ಹೆಂಗಸರಿಗೆ ವೋಟ್ ಬೇಕು ಅಂತ ಜೈಲಿಗೆ ಹೋಗ್ತಿದ್ದೋರ ಪರವಾಗಿ, ತನ್ನ ಪಾರ್ಟಿಯವರೇ ಮುಖ ಸಿಂಡರಿಸಿದ್ರೂ, ಮಾತಾಡ್ತಾನೇ ಇದ್ದ.

1907ರಲ್ಲಿ ಆರೋಗ್ಯ ಕೆಟ್ಟು ಪ್ರಪಂಚ ಸುತ್ತಕ್ಕೆ ಹೊರಟೋನು ಇಂಡಿಯಾಗೂ ಬಂದ. ವೈಸ್‌ರಾಯ್ ಕರ್ಜನ್ ಬಂಗಾಳ ಒಡೆದು ಎರಡು ವರ್ಷ ಆಗಿತ್ತು, ಅಲ್ಲಿ ವಂದೇ ಮಾತರಂ ಅಂದ್ರೆ ಲಾಠಿ ಏಟು ಬೀಳೋ ಟೈಮು. ಪೂರ್ವ ಬಂಗಾಳದ ಬಾರಿಸಾಲ್ ಕಡೆ ಹೋಗಿ ಜನರ ಹತ್ರ ಮಾತಾಡಿದ, ಅಲ್ಲಿ ನಡೀತಿರೋದನ್ನ ಕಣ್ಣಾರೆ ಕಂಡು, ಕೆನಡಾಗೆ ಕೊಟ್ಟಿರೋ ಥರ ಸ್ವಂತ ಆಡಳಿತ ಇವರಿಗೂ ಕೊಡಬೇಕು ಅಂದ. ಲಂಡನ್ ಪತ್ರಿಕೆಗಳು ದೇಶದ್ರೋಹಿ ಅಂದ್ವು, ಇವನ ಮೇಲೆ ಕೇಸ್ ಹಾಕಿ ಅಂದ್ವು. ಇವನು ಹೆದರಲಿಲ್ಲ, ಊರಿಗೆ ಹೋಗಿ 1909ರಲ್ಲಿ ಕಂಡಿದ್ದನ್ನೆಲ್ಲ ಪುಸ್ತಕ ಮಾಡಿದ. ಇಂಡಿಯಾ ಆದ್ಮೇಲೆ ಸೌತ್ ಆಫ್ರಿಕಾಗೆ ಹೋಗಿ ಕಪ್ಪು ಕಾರ್ಮಿಕರನ್ನೂ ಸಂಘಕ್ಕೆ ಸೇರಿಸ್ಕೊಳ್ಳಿ ಅಂದಿದ್ದಕ್ಕೆ ಅಲ್ಲಿನ ಬಿಳಿಯರು ಮೀಟಿಂಗಿಗೆ ನುಗ್ಗಿ ಗಲಾಟೆ ಮಾಡಿದ್ರು.

ಅವನು ಇಂಡಿಯಾಗೆ ಬಂದಾಗ ನಮ್ಮ ಕೆಜಿಎಫ್ ಉತ್ತುಂಗದಲ್ಲಿತ್ತು. ಶಿವನಸಮುದ್ರದಿಂದ 1902ರಲ್ಲಿ ಕರೆಂಟ್ ಬಂದಿತ್ತು, ಬೆಂಗಳೂರಿಗಿಂತ ಮುಂಚೆ ಬಂದಿದ್ದು ಅಂತ ನಾವೆಲ್ಲ ಹೆಮ್ಮೆ ಪಡ್ತೀವಲ್ಲ ಅದು, 1905ರ ಸುಮಾರಿಗೆ ಚಿನ್ನ ಯಾವತ್ತೂ ಬರದಷ್ಟು ಬಂದಿತ್ತು, ಎಲ್ಲಾ ಹಡಗು ಹತ್ತಿ ಲಂಡನ್ನಿಗೆ ಹೋಗ್ತಿತ್ತು. ಆ ಮನುಷ್ಯ ಒಂದೇ ಒಂದು ಸಲ ಮಾರಿಕುಪ್ಪಂ ರೈಲು ಹತ್ತಿ ಬಂದಿದ್ರೆ ಅಂತ ನನಗೆ ಎಷ್ಟೋ ಸಲ ಅನ್ಸಿದೆ. ಕೇಜ್ ನೋಡಿದ್ರೆ ಅವನಿಗೆ ತಕ್ಷಣ ಗೊತ್ತಾಗ್ತಿತ್ತು, ಭಾಷೆ ಬೇಕಾಗ್ತಿರಲಿಲ್ಲ.

ಅವನು ತಪ್ಪೇ ಮಾಡದೋನಲ್ಲ. ಸಂಘ ಕಟ್ಟಿದ ಶುರೂನಲ್ಲಿ ಲಿಥುವೇನಿಯಾ, ಪೋಲೆಂಡ್ ಕಡೆಯಿಂದ ಕೆಲಸಕ್ಕೆ ಬಂದೋರನ್ನ, ಇವರು ಕಡಿಮೆ ಕೂಲಿಗೆ ಬಂದು ನಮ್ಮ ಹೊಟ್ಟೆ ಮೇಲೆ ಹೊಡೀತಾರೆ ಅಂತ ಕೆಟ್ಟದಾಗಿ ಬರೆದಿದ್ದ. ಅದನ್ನ ಓದಿದಾಗ ನನಗೆ ನೋವಾಯ್ತು. ನಮ್ಮ ಗಣೀಲೂ ತಮಿಳು ಕಡೆಯಿಂದ, ಆಂಧ್ರ ಕಡೆಯಿಂದ ಹೊಟ್ಟೆಪಾಡಿಗೆ ಬಂದೋರೇ ಜಾಸ್ತಿ, ಅದರಲ್ಲೂ ಊರಲ್ಲಿ ಬಾವಿ ನೀರು ಮುಟ್ಟಕ್ಕೆ ಬಿಡದೇ ಇದ್ದ ಜಾತಿಯೋರು, ಅವರನ್ನ ಹೊರಗಿನೋರು ಅನ್ನೋ ಮಾತು ನಾನೂ ಚಿಕ್ಕೋನಿದ್ದಾಗ ಕೇಳಿದೀನಿ. ಕೆಳಗೆ ಕಲ್ಲು ಸಿಡಿದಾಗ ಅದು ಯಾರ ಭಾಷೆ ಏನು ಅಂತ ಕೇಳಲಿಲ್ಲ, ನಮ್ಮ ದೊಡ್ಡ ತಾತನ ಜೊತೆ ಸತ್ತೋರು ತಮಿಳರು, ಅವರ ಮನೆ ಹೆಂಗಸರು ನಮ್ಮ ಅಜ್ಜಿಯನ್ನ ತಬ್ಕೊಂಡು ಅತ್ರಂತೆ. ಹಾರ್ಡಿ ಆಮೇಲೆ ಊರೂರು ಸುತ್ತಿ, ಬೇರೆ ದೇಶದ ಕಾರ್ಮಿಕರನ್ನೂ ಕಂಡು, ಆ ಮಾತಿಂದ ಬಹಳ ದೂರ ಬಂದ. ಅವನು ಬದಲಾಗಿದ್ದು ನನಗೆ ಇಷ್ಟ ಆಯ್ತು.

1914ರಲ್ಲಿ ಮಹಾಯುದ್ಧ ಬಂದಾಗ, ಬಡವರ ಮಕ್ಕಳು ಬಡವರ ಮಕ್ಕಳನ್ನೇ ಕೊಲ್ಲೋದು ಬೇಡ ಅಂತ ನಿಂತ. ಆಗಸ್ಟ್ ಮೊದಲ ವಾರದಲ್ಲಿ ಅವನದ್ದೇ ಕ್ಷೇತ್ರದ ಅಬರ್‌ಡೇರ್‌ನಲ್ಲಿ ಮೀಟಿಂಗ್ ಮಾಡಕ್ಕೆ ಹೋದ್ರೆ ಜನ ಮಾತಾಡಕ್ಕೇ ಬಿಡಲಿಲ್ಲ, ಹದಿನಾಲ್ಕು ವರ್ಷ ಗೆಲ್ಲಿಸಿದ ಜನಾನೇ. ಅದು ಅವನನ್ನ ಒಳಗಿಂದ ಮುರೀತು ಅಂತಾರೆ. ಆಮೇಲೆ ಜಾಸ್ತಿ ದಿನ ಇರಲಿಲ್ಲ, 1915ರ ಸೆಪ್ಟೆಂಬರ್ 26ಕ್ಕೆ ಗ್ಲಾಸ್ಗೋದಲ್ಲಿ ತೀರ್ಕೊಂಡ, 59 ವರ್ಷ. ಅವನ ಜಾಗಕ್ಕೆ ಆದ ಉಪಚುನಾವಣೇಲಿ ಯುದ್ಧದ ಪರ ಇದ್ದೋನು ಗೆದ್ದ. ಆದ್ರೆ ಈವತ್ತು ಕಮ್ನಾಕ್ ಟೌನ್ ಹಾಲ್ ಮುಂದೆ ಇರೋ ಮೂರ್ತಿ ಹಾರ್ಡಿದು.

ಈಗ ನಮ್ಮ ವಿಚಾರ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28. ನೂರಿಪ್ಪತ್ತು ವರ್ಷ ಹತ್ತಿರ ನಡೆದ ಗಣಿ, ಅದರಲ್ಲಿ ಚಾಂಪಿಯನ್ ರೀಫ್ ಅನ್ನೋ ಗಣಿ 3,200 ಮೀಟರ್ ಆಳ. ಕೆಜಿಎಫ್‌ನಲ್ಲಿ ಹಳೇ ಬ್ರಿಟಿಷರ ಸ್ಮಶಾನಕ್ಕೆ ಹೋಗಿ ನೋಡಿ, ಕಲ್ಲಿನ ಮೇಲೆ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ, ಯಾರ ಮಗ, ಯಾರ ಗಂಡ ಎಲ್ಲಾ ಕೆತ್ತಿದಾರೆ. ಕೆತ್ತಿದ್ದು ಒಳ್ಳೇದೇ, ಅವರೂ ಯಾರದೋ ಮನೆ ಮಕ್ಕಳು, ಸಮುದ್ರ ದಾಟಿ ಬಂದು ಇಲ್ಲೇ ಮಣ್ಣಾದೋರು. ಆದ್ರೆ ಕೆಳಗೆ ಕಲ್ಲು ಒಡೆದೋರು, ಗಾಡಿ ತಳ್ಳಿದೋರು, ಗೋಡೆ ಕಟ್ಟಿ ಬಂಡೆ ತಡೆದೋರು, ಅವರ ಹೆಸರೆಲ್ಲ ಒಂದು ಕಡೆ ಬರೆದಿರೋ ಕಲ್ಲು ನಾನು ಹುಡುಕಿದ ಮಟ್ಟಿಗೆ ಕಂಡಿಲ್ಲ. 1930ರಲ್ಲಿ ಕಾರ್ಮಿಕರ ಬೆರಳಚ್ಚು ತಗೊಳ್ತೀವಿ ಅಂದಾಗ, ನಾವೇನು ಕಳ್ಳರಾ ಅಂತ ಸಾವಿರಾರು ಜನ ಕೆಲಸ ಬಿಟ್ಟು ಸ್ಟ್ರೈಕ್ ಮಾಡಿದ್ರು. ನಂಬರ್ ಇತ್ತು, ಬೆರಳು ಬೇಕಾಗಿತ್ತು, ಹೆಸರು ಮಾತ್ರ ಯಾರಿಗೂ ಬೇಕಾಗಿರಲಿಲ್ಲ.

ನಾನು ಕೇಳೋದು ದುಡ್ಡಲ್ಲ. ದಿಬ್ಬದ ಮಣ್ಣು ಮತ್ತೆ ಅಗೆಯೋ ಮುಂಚೆ, ಟೆಂಡರ್ ಕಾಗದದ ಜೊತೆಗೇ ಇನ್ನೊಂದು ಕೆಲಸ ಸೇರಿಸಿ ಅಂತ ಸಂಬಂಧಪಟ್ಟೋರನ್ನ ಕೇಳ್ತಿದೀನಿ. ಗಣಿಗಳ ಹಳೇ ರಿಜಿಸ್ಟರುಗಳು, ಅಪಘಾತದ ವರದಿಗಳು, ಆಸ್ಪತ್ರೆ ಪುಸ್ತಕಗಳು ಏನೇನು ಉಳಿದಿದೆಯೋ ಅದನ್ನ ಗೆದ್ದಲು ತಿನ್ನೋ ಮುಂಚೆ ತೆಗೆದು, ಕೆಳಗೆ ಸತ್ತ ಒಬ್ಬೊಬ್ಬರ ಹೆಸರು, ಊರು, ತಾರೀಖು ಪಟ್ಟಿ ಮಾಡಿ. ರಿಜಿಸ್ಟರಲ್ಲಿ ನಂಬರ್ ಮಾತ್ರ ಇದ್ರೆ ಮನೆಗಳಿಗೆ ಹೋಗಿ, ಲೈನುಗಳಲ್ಲಿ ಇನ್ನೂ ಅಜ್ಜಿಯಂದಿರು ಇದಾರೆ, ಯಾವ ನಂಬರ್ ಯಾರದ್ದು ಅಂತ ಅವರಿಗೆ ಬಾಯಿಪಾಠ, ಇನ್ನು ಹತ್ತು ವರ್ಷ ತಡ ಮಾಡಿದ್ರೆ ಅವರೂ ಇರಲ್ಲ. ಧೂಳು ಕುಡಿದು ಎದೆ ಕಲ್ಲಾಗಿ ಮನೇಲಿ ಮಂಚದ ಮೇಲೆ ಸತ್ತೋರು ಕೆಳಗೆ ಸತ್ತೋರಿಗಿಂತ ಜಾಸ್ತಿ ಅಂತ ನಮ್ಮ ತಾತ ಹೇಳೋರು, ತಾತಾನೂ ಹಂಗೇ ಕೆಮ್ಮಿ ಕೆಮ್ಮಿ ಹೋದ್ರು, ಅಂಥೋರಿಗೂ ಅದೇ ಪಟ್ಟೀಲಿ ಜಾಗ ಕೊಡಿ. ಆಮೇಲೆ ಯಾವುದಾದ್ರೂ ಒಂದು ಶಾಫ್ಟ್ ಪಕ್ಕ, ಬಸ್ಸಿಳಿದು ನಡ್ಕೊಂಡು ಹೋಗೋ ಅಷ್ಟು ಹತ್ರ, ಒಂದು ಗೋಡೆ ಕಟ್ಟಿಸಿ ಆ ಹೆಸರುಗಳನ್ನ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬರೆಸಿ. ನಮ್ಮ ಜಿಲ್ಲೆಯ ಶಾಸಕರು, ಸಂಸದರು ಯಾರಾದ್ರೂ ಒಬ್ಬರು ಸದನದಲ್ಲಿ ಎದ್ದು ಇದನ್ನ ಕೇಳಬೇಕು. ಒಬ್ಬರೇ ಆದ್ರೂ ಪರವಾಗಿಲ್ಲ. ನಿಮ್ಮ ಪತ್ರಿಕೆಯವರು ವಾರಕ್ಕೊಂದು ಮನೆ ಕಥೆ ಹಾಕಿದ್ರೂ ಕೆಲಸ ಶುರುವಾಗತ್ತೆ.

ಮೊನ್ನೆ ನನ್ನ ಮಗಳು ಆ ಬಿಲ್ಲೆ ಕೈಗೆತ್ಕೊಂಡು, ತೂತಲ್ಲಿ ಬೆರಳು ತೂರಿಸಿ ತಿರುಗಿಸ್ತಾ, "ಅಪ್ಪಾ, ಇದು ಯಾವ ದೇವರು" ಅಂತ ಕೇಳಿದ್ಲು. ನಾನು ದೊಡ್ಡ ತಾತನ ಹೆಸರು ಹೇಳಿದೆ. ಅವಳು ಸ್ಕೂಲ್ ಬ್ಯಾಗಿಂದ ಪೆನ್ಸಿಲ್ ತಂದು ಒಂದು ಚೀಟೀಲಿ ಆ ಹೆಸರು ಬರೆದು ಬಿಲ್ಲೆ ಕೆಳಗಿಟ್ಟಿದಾಳೆ. ಆ ಪಟ್ಟಿ ಮಾಡಕ್ಕೆ ಯಾರೇ ಮುಂದೆ ಬಂದ್ರೂ ಬಿಲ್ಲೆನೂ ಚೀಟಿನೂ ಎರಡೂ ತಗೊಂಡು ಬಂದು ತೋರಿಸ್ತೀನಿ. ರಜಾ ದಿನಗಳಲ್ಲಿ ಲೈನುಗಳಿಗೆ ಹೋಗಿ ಮನೆ ಮನೆ ಕೇಳಿ ಬರ್ಕೊಂಡು ಬರಕ್ಕೂ ನಾನು ರೆಡಿ ಇದೀನಿ.

ಇಂತಿ ನಿಮ್ಮ ಓದುಗ,
ಬಂಗಾರಪೇಟೆ, ಕೋಲಾರ ಜಿಲ್ಲೆ